ಎಡೆಯಲ್ಲಿ ನಿಂಬೆಹಣ್ಣು ಇರಲಿಲ್ಲ

ನನ್ನ ಸೋದರತ್ತೆ ದೆವ್ವವಾಗಿದ್ದಾಳೆಂಬ ಸಂಗತಿ ನನಗೆ ತಿಳಿದದ್ದು ತಿ. ನರಸೀಪುರದ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಅತಿಥಿ ಉಪನ್ಯಾಸಕಿಯಾಗಿ ಅದು ನನಗೆ ಎರಡನೆಯ ವರ್ಷ. ಸಹೋದ್ಯೋಗಿಯೊಬ್ಬರು ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಕೊಂಡು, ಹಿಂದಿನ ದಿನ ಟಿ.ವಿ.ಯಲ್ಲಿ ಬಂದ ಕಾರ್ಯಕ್ರಮವನ್ನು ನೋಡುತ್ತ ಮೊಸರನ್ನ ತಿನ್ನುತ್ತಿದ್ದರು.

"ಮೇಡಂ, ಇದು ನಿಮ್ಮೂರೇ ಅಲ್ವಾ? ನೋಡಿ ಇಲ್ಲಿ, ನಿಮ್ಮೂರ ಸ್ಕೂಲಲ್ಲಿ ದೆವ್ವ ಪಾಠ ಮಾಡ್ತದಂತೆ. ಅದಕ್ಕಾದ್ರೂ ಪರ್ಮನೆಂಟ್ ಆಗಿದ್ಯಾ ಕೇಳಿ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಪರದೆಯನ್ನು ನೋಡಿದೆ. ನಂಜನಗೂಡು ತಾಲ್ಲೂಕಿನ ನಮ್ಮೂರಿನಲ್ಲಿ, ನಮ್ಮ ಕೇರಿಯ ಅಂಚಿಗೆ ನಿಂತಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಹಸಿರು ಛಾಯೆಯ ಬೆಳಕು. ಜಗುಲಿಯ ಮೇಲೆ ಒಂದು ಸ್ಲೇಟು, ಒಂದು ಬಳಪ, ಕುಯ್ದಿಟ್ಟ ನಿಂಬೆಹಣ್ಣು, ಚೆಲ್ಲಿದ ಕುಂಕುಮ. ಹಿನ್ನೆಲೆಯ ಗಂಡು ದನಿ ಪ್ರತಿ ಪದವನ್ನೂ ಜಗ್ಗಿ ಹೇಳುತ್ತಿತ್ತು: ಪ್ರೀತಿಯಲ್ಲಿ ಸೋತ ಯುವತಿಯೊಬ್ಬಳು ಇದೇ ಕೋಣೆಯಲ್ಲಿ ನೇಣಿಗೆ ಕೊರಳೊಡ್ಡಿದಳು, ಇಂದಿಗೂ ಮನೆಯವರು ಆಕೆಗೆ ಇಲ್ಲಿ ಎಡೆ ಇಡುತ್ತಾರೆ, ಆಕೆಯ ಬಳಪ ತಾನಾಗಿ ಬರೆಯುತ್ತದೆ.

ಊಟದ ಡಬ್ಬಿ ಮುಚ್ಚಿದೆ. ಆ ಸ್ಲೇಟು ಬಳಪಗಳ ಹಿಂದಿನ ಸಂಗತಿಯನ್ನು ನಾನು ಕೇರಿಯ ಹೊರಗೆ ಹೇಳಿದ್ದು ಒಬ್ಬನಿಗೆ ಮಾತ್ರ.

ಅತ್ತೆ ನಮ್ಮ ಕೇರಿಯಲ್ಲಿ ಹತ್ತನೆಯ ತರಗತಿ ಪಾಸಾದ ಮೊದಲ ಹುಡುಗಿ. ಸಂಜೆಯ ಹೊತ್ತು ಶಾಲೆಯ ಜಗುಲಿಯಲ್ಲಿ ಕೇರಿಯ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದಳಂತೆ; ಯಾರೂ ಹೇಳಿರಲಿಲ್ಲ, ಯಾರೂ ದುಡ್ಡು ಕೊಡುತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ಕಾಮಾಲೆಯಾಗಿ, ಮೈಸೂರಿನ ಆಸ್ಪತ್ರೆಯಲ್ಲಿ, ನನ್ನ ಅಜ್ಜಿಯ ಮಡಿಲಲ್ಲಿ ತೀರಿಕೊಂಡಳು. ಅವಳ ಸಾವಿನಲ್ಲಿ ಪ್ರೀತಿಯೂ ಇಲ್ಲ, ನೇಣೂ ಇಲ್ಲ. ತಡವಾಗಿ ಸಿಕ್ಕ ಬಸ್ಸು ಮತ್ತು ಇನ್ನೂ ತಡವಾಗಿ ಸಿಕ್ಕ ವೈದ್ಯರು ಇದ್ದಾರೆ. ಪ್ರತಿವರ್ಷ ಹಿರಿಯರ ಹಬ್ಬದಲ್ಲಿ, ಮನೆಯೊಳಗೆ ಎಲ್ಲ ಹಿರಿಯರಿಗೂ ಎಡೆ ಇಟ್ಟಾದ ಮೇಲೆ, ಅಜ್ಜಿ ಶಾಲೆಯ ಜಗುಲಿಗೆ ಹೋಗಿ ಇನ್ನೊಂದು ಎಡೆ ಇಡುತ್ತಾಳೆ. ಬಾಳೆಲೆಯ ಮೇಲೆ ಕಜ್ಜಾಯ, ಒಂದು ರವಿಕೆ ಕಣ, ಸ್ಲೇಟು, ಬಳಪ. ಅರ್ಧ ಗಳಿಗೆ ಕಳೆದ ಮೇಲೆ ಮಕ್ಕಳು ಕಜ್ಜಾಯ ತಿಂದು ಓಡುತ್ತವೆ. ನಮ್ಮ ಮನೆಯಲ್ಲಿ ಸತ್ತವರೊಡನೆ ಇರುವ ಸಂಬಂಧ ಇಷ್ಟು ಸರಳವಾದದ್ದು.

ಇದನ್ನು ನಾನು ಹೇಳಿಕೊಂಡದ್ದು ತಿ. ನರಸೀಪುರದ ಸಂಗಮದ ಮೆಟ್ಟಿಲುಗಳ ಮೇಲೆ. ಅವನು ಅಲ್ಲಿಯ ವರ್ತಕರ ಮನೆಯವನು. ಮದುವೆಗಳ ಫೋಟೊ, ವಿಡಿಯೊ ತೆಗೆಯುವ ಸ್ಟುಡಿಯೊ ಇಟ್ಟಿದ್ದ, ಟಿ.ವಿ. ವಾಹಿನಿಯೊಂದಕ್ಕೆ ಸುದ್ದಿಯ ತುಣುಕುಗಳನ್ನೂ ಕಳಿಸುತ್ತಿದ್ದ. ನಂಜನಗೂಡಿನ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿ ಪರಿಚಯವಾದವರು ನಾವು. ಒಂದೂವರೆ ವರ್ಷ ಪ್ರೀತಿಸಿದೆವು. ಜಾತಿಯ ಮಾತು ಬಂದಾಗ ಅವನು ಕೈಬೀಸಿ ನಗುತ್ತಿದ್ದ. ಆ ನಗುವನ್ನು ನಾನು ಉತ್ತರವೆಂದು ತಿಳಿದೆ. ಅತ್ತೆಯ ಕಥೆ ಕೇಳಿದ ದಿನ ಅವನ ಕಣ್ಣು ಒದ್ದೆಯಾಗಿತ್ತು. ಕೇಳಿಸಿಕೊಳ್ಳುವುದನ್ನೂ ಪ್ರೀತಿಯೆಂದೇ ತಿಳಿದಿದ್ದೆ. ಕಥೆಯೊಂದರ ಬೆಲೆ ಕಟ್ಟುವವನೂ ಅಷ್ಟೇ ಗಮನವಿಟ್ಟು ಕೇಳುತ್ತಾನೆಂಬುದು ವಿಶ್ವವಿದ್ಯಾನಿಲಯದ ಯಾವ ಪಠ್ಯದಲ್ಲೂ ಇರಲಿಲ್ಲ.

ಕಾಲೇಜು ಮುಗಿದೊಡನೆ ನೇರವಾಗಿ ಅವನ ಸ್ಟುಡಿಯೊಗೆ ಹೋದೆ.

"ನಾನು ಬರೀ ಒಂದು ಲೈನ್ ಕೊಟ್ಟೆ ಕಣೆ. ಮಿಕ್ಕಿದ್ದೆಲ್ಲ ಅವರು ಬೆಳೆಸ್ಕೊಂಡ್ರು" ಎಂದ. "ಹೆಸರು ಹಾಕಿಲ್ಲ, ಫೋಟೊ ಹಾಕಿಲ್ಲ. ಕೊನೇಲಿ ಇದು ಮನರಂಜನೆಗಾಗಿ ಅಂತಾನೂ ಹಾಕ್ತಾರೆ."

"ಎಷ್ಟು ಹೊತ್ತು ಹಾಕ್ತಾರೆ?"

"ಓದೋಕಾಗುವಷ್ಟು."

"ನನಗೆ ಓದೋಕಾಗಲಿಲ್ಲ. ಎಂ.ಎ. ಮಾಡಿದ್ದೀನಿ. ಶೂಟಿಂಗಿಗೆ ಸ್ಕೂಲಿನ ಬೀಗ ಯಾರು ತೆಗೆಸಿಕೊಟ್ರು?"

ಅವನು ಕ್ಯಾಮೆರಾದ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. "ನಿಮ್ಮೂರ ಪಂಚಾಯಿತಿ ಮಾಜಿ ಅಧ್ಯಕ್ಷ್ರು. ಅವರೇ ತುಂಬ ಇಂಟರೆಸ್ಟ್ ತಗೊಂಡ್ರು. ಯಾಕೆ?"

ಯಾಕೆಂಬುದು ಒಂದು ವಾರದೊಳಗೆ ಪಂಚಾಯಿತಿಯ ಗೋಡೆಯ ಮೇಲೆ ಅಂಟಿತು. ಮುಂದಿನ ಪಂಚಾಯಿತಿ ಚುನಾವಣೆಗೆ ನಮ್ಮ ಮತಗಟ್ಟೆಯನ್ನು ಶಾಲೆಯಿಂದ ಸಮುದಾಯ ಭವನಕ್ಕೆ ಬದಲಾಯಿಸಬೇಕೆಂದು ಮನವಿ ಬಂದಿದೆ. ಶಾಲೆಯ ಕಟ್ಟಡದೊಳಗೆ ಕಾಲಿಡಲು ಮತದಾರರು ಭಯಪಡುತ್ತಿದ್ದಾರೆ. ಆಕ್ಷೇಪಣೆಗಳಿದ್ದಲ್ಲಿ ಗುರುವಾರ ನಂಜನಗೂಡಿನ ತಾಲ್ಲೂಕು ಕಚೇರಿಯ ವಿಚಾರಣೆಗೆ ಹಾಜರಾಗತಕ್ಕದ್ದು.

ಸಮುದಾಯ ಭವನ ಮಾಜಿ ಅಧ್ಯಕ್ಷರ ಮನೆಯ ಎದುರಿಗಿದೆ. ಹಿಂದೆ ಊರಿಗೆಲ್ಲ ಒಂದೇ ಮತಗಟ್ಟೆ ಅಲ್ಲಿಯೇ ಇತ್ತು. ಚುನಾವಣೆಯ ದಿನ ಅವರು ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕೇರಿಯಿಂದ ಬರುವ ಒಬ್ಬೊಬ್ಬ ಹೆಂಗಸನ್ನೂ ಹೆಸರು ಹಿಡಿದು ವಿಚಾರಿಸುತ್ತಿದ್ದರು: "ಏನವ್ವ, ಪೆನ್ಷನ್ ಬತ್ತಾದಾ? ಮನೆ ಮಂಜೂರಾಯ್ತಾ?" ಅದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ, ಆದರೂ ಕೇಳಿಸಿಕೊಂಡವರು ಅವರ ಗುರುತಿಗೇ ಓಟು ಒತ್ತಿ ಬರುತ್ತಿದ್ದರು. ಅಪ್ಪ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದು ಮತಗಟ್ಟೆಯನ್ನು ಕೇರಿಯ ಶಾಲೆಗೆ ತಂದಿದ್ದರು. ಅಂದಿನಿಂದ ಇಡೀ ಊರು ಇಳಿದು ನಮ್ಮ ಕೇರಿಗೆ ಬಂದು ಓಟು ಹಾಕಬೇಕಾಗಿತ್ತು. ಅದನ್ನು ಹಿಂದಕ್ಕೆ ಕೊಂಡೊಯ್ಯಲು ಒಂದು ದೆವ್ವ ಬೇಕಾಗಿತ್ತು. ದೆವ್ವವನ್ನು ಒದಗಿಸಿದವಳು ನಾನು.

ಮನೆಯಲ್ಲಿ ಅಜ್ಜಿ ಊಟ ಬಿಟ್ಟಿದ್ದಳು. ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು: "ಅಲ್ಲ ಕಣವ್ವ, ನನ್ ಮಡ್ಲಲ್ಲೇ ಪ್ರಾಣ ಬುಟ್ಲು ಅವ್ಳು. ಟೀವಿಯೋರು ನೇಣಾಕ್ಕಂಡ್ಲು ಅಂತಾರೆ. ಓದ್ದೋರು ಏಳದು ನಿಜ್ವಾ, ನಾ ಕಂಡದ್ದು ನಿಜ್ವಾ?"

ತನ್ನ ಮಗಳ ಸಾವನ್ನು ತಾನೇ ಕಂಡ ತಾಯಿಯ ನಂಬಿಕೆಯನ್ನು ಅಲುಗಿಸಲು ಅರ್ಧ ಗಂಟೆಯ ಕಾರ್ಯಕ್ರಮ ಸಾಕಾಯಿತು. ಈ ವಾಹಿನಿಗಳ ಮಾಲೀಕರನ್ನು ನಾನು ಕೇಳಬೇಕೆಂದಿರುವುದು ಇದನ್ನೇ. ದೆವ್ವವಿದೆಯೋ ಇಲ್ಲವೋ ಎಂಬ ಚರ್ಚೆಯನ್ನು ನಿಮ್ಮ ಸ್ಟುಡಿಯೊದಲ್ಲಿ ಇಟ್ಟುಕೊಳ್ಳಿ. ನಮ್ಮ ಮನೆಯ ಸಾವನ್ನು ಬದಲಾಯಿಸುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?

ಆಕ್ಷೇಪಣೆಯನ್ನು ನಾನೇ ಬರೆದೆ. ಆದರೆ ಕಾರ್ಯಕ್ರಮ ಕಟ್ಟುಕಥೆ ಎನ್ನುವುದಕ್ಕೆ ಸಾಕ್ಷಿ ಬೇಕಾಗಿತ್ತು. ಆಸ್ಪತ್ರೆಯ ಚೀಟಿಯನ್ನು ಇಲಿ ತಿಂದು ಎಷ್ಟೋ ವರ್ಷವಾಗಿತ್ತು. ಉಳಿದವನು ಅವನೊಬ್ಬ. ಕತ್ತರಿಸದ ಚಿತ್ರೀಕರಣವನ್ನೂ ಒಂದು ಲಿಖಿತ ಹೇಳಿಕೆಯನ್ನೂ ತರುತ್ತೇನೆಂದು ಮಾತು ಕೊಟ್ಟ. "ಗುರುವಾರ ಹನ್ನೊಂದಕ್ಕೆ. ನಿನ್ನಾಣೆ, ಬರ್ತೀನಿ." ನಾವು ಪ್ರೀತಿಸುತ್ತಿರುವುದು ಎರಡು ಮನೆಗೂ ತಿಳಿದಿರಲಿಲ್ಲ. ಅವನು ಬಂದು ಸತ್ಯ ಹೇಳಿದರೆ, ನಾನು ಕಥೆಯ ಮೂಲವನ್ನು ಬಾಯಿಬಿಡಬೇಕಾಗಿರಲಿಲ್ಲ. ಅವನು ಬರದಿದ್ದರೆ ಎಂಬುದನ್ನು ನಾನು ಯೋಚಿಸಲಿಲ್ಲ, ಯೋಚಿಸಲು ಹೆದರಿದೆ.

ಗುರುವಾರ ಅಪ್ಪ ಕಾರ್ಖಾನೆಗೆ ರಜೆ ಹಾಕಿ ನನ್ನೊಡನೆ ಬಂದರು. ತಾಲ್ಲೂಕು ಕಚೇರಿಯ ಪಡಸಾಲೆಯ ಬೆಂಚಿನಲ್ಲಿ ಕೂತೆವು. ಎದುರಿನ ಬೆಂಚಿನಲ್ಲಿ ಮಾಜಿ ಅಧ್ಯಕ್ಷರು ಗರಿಗರಿ ಪಂಚೆಯಲ್ಲಿ, ಇಬ್ಬರು ಹಿಂಬಾಲಕರೊಡನೆ ಕೂತಿದ್ದರು. ಹನ್ನೊಂದಾಯಿತು. ಪ್ರತಿ ಬೈಕಿನ ಸದ್ದಿಗೂ ನಾನು ಬಾಗಿಲಿನತ್ತ ತಿರುಗುತ್ತಿದ್ದೆ.

"ಯಾರ್ಗ ಕಾಯ್ತಿದ್ದಯವ್ವ?" ಎಂದು ಅಪ್ಪ ಕೇಳಿದರು.

"ಸಾಕ್ಷಿಗೆ."

ಹನ್ನೊಂದು ಇಪ್ಪತ್ತಕ್ಕೆ ಸಂದೇಶ ಬಂತು. 'ಬರೋಕಾಗಲ್ಲ. ಅಧ್ಯಕ್ಷ್ರು ನಮ್ಮಪ್ಪನ ಹತ್ರ ಮಾತಾಡಿದ್ದಾರೆ. ನನ್ನ ಹೆಸರು ಎಲ್ಲೂ ಬರಬಾರದು, ಪ್ಲೀಸ್. ಅರ್ಥ ಮಾಡ್ಕೋ.' ಓದಿ ಮುಗಿಸುವಷ್ಟರಲ್ಲಿ ನಮ್ಮ ಊರನ್ನು ಕೂಗಿದರು.

ಅಧಿಕಾರಿ ನಮ್ಮ ಅರ್ಜಿಯನ್ನು ಓದಿ ತಲೆ ಎತ್ತಿದರು. "ಕಾರ್ಯಕ್ರಮ ಸುಳ್ಳು ಅಂತ ಬರೆದಿದ್ದೀರಿ. ಹೇಗೆ ಗೊತ್ತು?"

ಮಾಜಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ದೆವ್ವ ಇಲ್ಲ ಅಂತ ರುಜುವಾತು ಮಾಡಕ್ಕೆ ಬಂದವ್ಳೆ ಸಾ ನಮ್ ಲೆಕ್ಚರ್ರು. ಆ ದೆವ್ವನೇ ಕರ್ಕಬಂದು ಒಂದು ಸೈನ್ ಆಕ್ಸ್‌ಬುಡಿ ಅತ್ಲಾಗೆ." ಹಿಂಬಾಲಕರು ನಕ್ಕರು.

ಸುಮ್ಮನಿದ್ದುಬಿಡಬಹುದಾಗಿತ್ತು. 'ಅದು ಸುಳ್ಳು ಸರ್' ಎಂದಷ್ಟೇ ಹೇಳಿ ಕುಳಿತಿದ್ದರೆ ಪ್ರೀತಿ ಉಳಿಯುತ್ತಿತ್ತೋ ಏನೋ, ಗುಟ್ಟಂತೂ ಉಳಿಯುತ್ತಿತ್ತು. ಪಕ್ಕದಲ್ಲಿ ಅಪ್ಪನ ಉಸಿರು ಕೇಳಿಸುತ್ತಿತ್ತು.

"ಮೂಲ ಸಂಗತಿ ಹೇಳಿದವಳು ನಾನೇ ಸರ್. ಸತ್ತವರು ನಮ್ಮ ಸೋದರತ್ತೆ. ಕಾಮಾಲೆಯಿಂದ ಸತ್ತರು, ಆಸ್ಪತ್ರೆಯಲ್ಲಿ. ನಾನು ಹೇಳಿದ್ದನ್ನೇ ತಿರುಚಿ ಚಿತ್ರ ಮಾಡಿದ್ದಾರೆ."

"ಯಾರಿಗೆ ಹೇಳಿದ್ರಿ?"

ಅವನ ಹೆಸರು, ಊರು, ಸ್ಟುಡಿಯೊ ಹೇಳಿದೆ. ಅಪ್ಪ ನಿಧಾನವಾಗಿ ನನ್ನತ್ತ ತಿರುಗಿದರು. ನಾನು ಅವರನ್ನು ನೋಡಲಿಲ್ಲ.

"ಅವರಿಗೂ ನಿಮಗೂ ಏನು ಸಂಬಂಧ?"

ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತರು ವಯಸ್ಸಾದವರು, ಒಳ್ಳೆಯವರು. ಪೆನ್ನು ಎತ್ತಿ ತಗ್ಗಿದ ದನಿಯಲ್ಲಿ ಕೇಳಿದರು: "ಪರಿಚಿತರು ಅಂತ ಬರ್ಕೊಳ್ಳಲಾ ಮಗಳೇ? ಹೆಣ್ಮಕ್ಳ ವಿಷಯ…"

"ಬೇಡ ಸರ್. ಪ್ರೀತಿಸುತ್ತಿದ್ದೆವು ಅಂತ ಬರೆಯಿರಿ. ಮನೆಯ ಸಾವನ್ನು ಪರಿಚಿತರ ಹತ್ರ ಯಾರೂ ಹೇಳ್ಕೊಳ್ಳಲ್ಲ."

ಹಿಂಬಾಲಕರಲ್ಲೊಬ್ಬ ಸಣ್ಣಗೆ ಶಿಳ್ಳೆ ಹಾಕಿದ. ಅಧಿಕಾರಿ ಗದರಿದರು. ನನ್ನ ಹೇಳಿಕೆ ಒಬ್ಬಳ ಮಾತಷ್ಟೇ, ಅದನ್ನು ಒಪ್ಪಲು ಇನ್ನೇನಾದರೂ ಇದೆಯೇ ಎಂದು ಅವರು ಕೇಳಿದಾಗ ನನ್ನ ಬಳಿ ಏನೂ ಇರಲಿಲ್ಲ.

ಅಪ್ಪ ಎದ್ದು ನಿಂತರು. "ಸಾ, ಆ ವಿಡಿಯೊ ಒಂದ್ಸಲ ಆಕ್ಸಿ." ನನ್ನ ಮೊಬೈಲಿನಲ್ಲಿ ಹಾಕಿದೆ. ಜಗುಲಿಯ ದೃಶ್ಯ ಬಂದಾಗ ತಡೆದರು. "ಇಲ್ಲಿ ನಿಂಬೆಹಣ್ಣು ಕುಯ್ದು ಮಡಗವ್ರೆ, ನೋಡಿ. ಇದು ನಮ್ ಮನೆಯೋರು ಇಟ್ಟ ಎಡೆ ಅಂತ ಏಳ್ತಾ ಅವ್ರೆ. ಇರಿಯರ ಎಡೆಗೆ ನಾವು ನಿಂಬೆಹಣ್ಣು ಕುಯ್ಯಕಿಲ್ಲ ಸಾ. ಅದು ಮಾಟ-ಮಂತ್ರ ಬುಡ್ಸಕ್ಕೆ, ದೃಷ್ಟಿ ತೆಗಿಯಕ್ಕೆ. ಅವ್ಳು ನನ್ ತಂಗಿ. ಅವ್ಳಿಗೆ ಕಜ್ಜಾಯ ಇಡ್ತೀವಿ." ಆಮೇಲೆ ಎದುರಿಗೆ ತಿರುಗಿದರು. "ನೀವೇ ಏಳಿ ಅಧ್ಯಕ್ಷ್ರೇ. ನಿಮ್ಮಪ್ಪಾರಿಗೂ ಇರಿಯರ ಪಕ್ಷದಲ್ಲಿ ಎಡೆ ಇಡ್ತೀರಲ್ಲ. ನಿಂಬೆಹಣ್ಣು ಕುಯ್ತೀರಾ?"

ಮಾಜಿ ಅಧ್ಯಕ್ಷರು ಹಿಂಬಾಲಕರತ್ತ ನೋಡಿದರು. ಹೌದೆಂದರೆ ತಂದೆಯನ್ನು ಪಿಶಾಚಿ ಮಾಡಿದ ಹಾಗೆ. ಇಲ್ಲವೆಂದರೆ ದೃಶ್ಯ ಸುಳ್ಳು. ನಮ್ಮ ಕಡೆಯಲ್ಲಿ ಎಷ್ಟೇ ದೊಡ್ಡ ಸುಳ್ಳುಗಾರನೂ ತನ್ನ ಮನೆಯ ಎಡೆಯ ಮೇಲೆ ಸುಳ್ಳಾಡಲು ಹಿಂಜರಿಯುತ್ತಾನೆ.

"ಏಳಿ ಅಧ್ಯಕ್ಷ್ರೇ" ಎಂದು ಅಧಿಕಾರಿಯೇ, ನಗು ತಡೆದುಕೊಂಡು, ನಮ್ಮ ಮಾತಿನಲ್ಲೇ ಕೇಳಿದರು.

"ನಾವೂ ಕುಯ್ಯಕಿಲ್ಲ" ಎಂದರು ಅವರು, ನೆಲ ನೋಡುತ್ತ.

ಬಸ್ಸಿನಲ್ಲಿ ಅಪ್ಪ ಇಬ್ಬರ ಟಿಕೆಟ್ಟನ್ನೂ ತೆಗೆದು ಕಿಟಕಿಯ ಪಕ್ಕ ಕೂತರು. ಅವನ ಜಾತಿ ಕೇಳುತ್ತಾರೆಂದು, ಬೈಯುತ್ತಾರೆಂದು ಕಾಯುತ್ತಿದ್ದೆ. ಊರು ಹತ್ತಿರವಾದಾಗ ಒಂದೇ ಪ್ರಶ್ನೆ ಬಂತು.

"ಬತ್ತೀನಿ ಅಂತ ಏಳಿದ್ನಾ ಅವ್ನು?"

"ಹೇಳಿದ್ದ."

ಅದಾದ ಮೇಲೆ ನಾಲ್ಕು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಅದು ಕೋಪವೋ ನಾಚಿಕೆಯೋ, ಇಂದಿಗೂ ನನಗೆ ತಿಳಿಯದು.

ಮತಗಟ್ಟೆ ಶಾಲೆಯಲ್ಲೇ ಮುಂದುವರಿಯತಕ್ಕದ್ದೆಂದು ಆದೇಶವಾಯಿತು. ಅದರ ಬೆನ್ನಿಗೇ ನನ್ನ ಹೇಳಿಕೆಯ ಪುಟದ ಫೋಟೊ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. 'ಪ್ರೀತಿಸುತ್ತಿದ್ದೆವು' ಎಂಬ ಪದದ ಕೆಳಗೆ ಕೆಂಪು ಗೆರೆ. ಅದನ್ನು ಹರಿಯಬಿಟ್ಟವರು ಯಾರೆಂದು ತಾಲ್ಲೂಕು ಕಚೇರಿಯನ್ನು ಲಿಖಿತವಾಗಿ ಕೇಳಿದ್ದೇನೆ. ಅಂದು ಸಾಕ್ಷಿಗೆ ಬಾರದ ಅವನು ಕ್ಷಮೆ ಕೇಳಿ ಉದ್ದನೆಯ ಸಂದೇಶ ಕಳಿಸಿದ. ಕ್ಷಮೆ ಬೇಡ, ಚಿತ್ರೀಕರಣ ಕಳಿಸು ಎಂದು ಉತ್ತರಿಸಿದೆ. ಕಳಿಸಲಿಲ್ಲ. ರಾತ್ರಿಯೆಲ್ಲ ಅತ್ತದ್ದನ್ನು ಮುಚ್ಚಿಡಲಾರೆ. ಆದರೆ ಅಳುತ್ತಲೇ, ಆ ಕಂತನ್ನು ತೆಗೆಯಿರೆಂದು ವಾಹಿನಿಗೆ ಮೂರನೆಯ ಪತ್ರ ಬರೆದೆ. ಉತ್ತರ ಬಂದಿಲ್ಲ. ಆ ಕಂತು ಈಗಲೂ ಅಂತರ್ಜಾಲದಲ್ಲಿದೆ.

ದೆವ್ವದ ಕಾರ್ಯಕ್ರಮ, ಚುನಾವಣೆಯ ಭಾಷಣ, ಪ್ರೀತಿಯ ಆಣೆ, ಮೂರೂ ನಮ್ಮನ್ನು ಕೇಳುವುದು ಒಂದನ್ನೇ: ನಂಬು, ಪ್ರಶ್ನೆ ಹಾಕಬೇಡ. ನಂಬಿದವರಿಗೆ ಲೆಕ್ಕ ಒಪ್ಪಿಸುವ ಹೊಣೆ ಮೂರರಲ್ಲೂ ಯಾರ ಮೇಲೂ ಇಲ್ಲ. ನಾನು ಪ್ರೀತಿಯನ್ನು ಬಿಡಲಾರೆ, ಓಟನ್ನೂ ಬಿಡಲಾರೆ. ಹಾಗಾಗಿ ಪ್ರಶ್ನೆಯನ್ನು ಬಿಡುವ ಹಾಗಿಲ್ಲ.

ಚುನಾವಣೆಯ ದಿನ ಅಜ್ಜಿ ಬೆಳಗ್ಗೆಯೇ ಎದ್ದು, ಒಗೆದ ಸೀರೆ ಉಟ್ಟು, ನನ್ನ ತೋಳು ಹಿಡಿದು ಶಾಲೆಗೆ ನಡೆದಳು. ಸಾಲಿನಲ್ಲಿ ಪಕ್ಕದ ಮನೆಯಾಕೆ ನನ್ನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ದೆವ್ವ ಓಡುಸ್ದೆ ಸರಿ ಕಣವ್ವ. ಅದ್ರ ಜೊತ್ಗೆ ಗಂಡನ್ನೂ ಓಡುಸ್ಬುಟ್ಯಲ್ಲ!"

ಸಾಲಿನಲ್ಲಿ ನಗೆ ಎದ್ದಿತು.

"ಓಡೋ ಗಂಡು ಮದ್ವೆಗ್ ಮೊದ್ಲೇ ಓಡುದ್ರೆ ಒಳ್ಳೇದು ಕಣಮ್ಮಿ" ಎಂದಳು ಅಜ್ಜಿ. "ನಿಮ್ಮೋನು ಎರಡು ಮಕ್ಳಾದ್ಮೇಲೆ ಓಡೋದ."

ಈ ಬಾರಿ ನಗು ಇನ್ನೂ ಜೋರಾಯಿತು, ಆಕೆಯೂ ನಕ್ಕಳು. ಅಷ್ಟರಲ್ಲಿ ಸಾಲಿನ ಹಿಂದೆ ಸದ್ದು ಅಡಗಿತು. ಮಾಜಿ ಅಧ್ಯಕ್ಷರು ಬಿಸಿಲಲ್ಲಿ ನಡೆದು ಬಂದು ನಮ್ಮ ಹಿಂದೆ ನಾಲ್ಕನೆಯವರಾಗಿ ನಿಂತರು. ಯಾರೋ ಅಭ್ಯಾಸಬಲದಿಂದ ಅವರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದರು. ಅಜ್ಜಿ ಹಿಂದಕ್ಕೆ ತಿರುಗಿ ನೋಡಿದಳು.

"ನಿಂತ್ಕಳಪ್ಪ. ನಿಂದೂ ಬತ್ತದೆ."

ಅವರು ನಿಂತರು. ಅಜ್ಜಿ ನನ್ನ ತೋಳು ಬಿಟ್ಟು, ಗೋಡೆ ಹಿಡಿದುಕೊಂಡು, ಒಬ್ಬಳೇ ಒಳಗೆ ಹೋದಳು.