ಎಲ್ಲೋ ನೋಡಿದ ಎಮ್ಮೆ

ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಮ್ಮ ಅಪ್ಪ ಯಾವಾಗಲೂ ನನ್ನ ಮುಖ ನೋಡಿಯೇ ಹೇಳುತ್ತಿದ್ದ. ನನಗಿದ್ದದ್ದು ಮೂರು ಹುಚ್ಚು. ಬಿಯರ್, ಹಾಡು, ಮತ್ತು ಫೋನಿನಲ್ಲಿ ಬರುವ ನಗೆ ವಿಡಿಯೋ. ಅಪ್ಪನ ಪ್ರಕಾರ ಹಾಡು ದಂಡ, ವಿಡಿಯೋ ರೋಗ. ಬಿಯರಿನ ವಿಷಯ ಅವನಿಗೆ ಗೊತ್ತಿರಲಿಲ್ಲವಾದ್ದರಿಂದ ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ.

ತಿಂಗಳಿಗೊಮ್ಮೆ ನಾನು ಪಂಪ್‌ಸೆಟ್ಟಿನ ಸಾಮಾನು ತರುವ ನೆಪ ಹೇಳಿ ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ಕಡೆ ಬಿಯರನ್ನು ತಾವೇ ಕುದಿಸಿ, ಹುದುಗು ಬರಿಸಿ, ದೊಡ್ಡ ಸ್ಟೀಲಿನ ಹಂಡೆಗಳಿಂದ ನೇರ ಗ್ಲಾಸಿಗೆ ಬಿಟ್ಟುಕೊಡುತ್ತಾರೆ. ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕಿ ಮಾಡಿದ್ದು ನನಗೆ ಬಹಳ ಸೇರುತ್ತದೆ. ಅಂಗಡಿಯ ಬಾಟ್ಲಿ ಬಿಯರಿಗೂ ಅದಕ್ಕೂ ಇರುವ ಅಂತರ, ಸಂತೆಯಲ್ಲಿ ಬಾಡಿ ಬಿದ್ದ ವೀಳ್ಯದೆಲೆಗೂ ಸವಣೂರಿನ ನಮ್ಮ ತೋಟದಲ್ಲಿ ಈಗಷ್ಟೇ ಕೊಯ್ದ ಎಲೆಗೂ ಇರುವ ಅಂತರ. ಕಿಸೆಯಲ್ಲಿ ಸವಣೂರು ಖಾರದ ಪೊಟ್ಟಣ ಇರುತ್ತಿತ್ತು. ಹೊರಗಿನ ತಿಂಡಿ ತರಬಾರದು ಎಂದು ಅಲ್ಲಿಯ ಹುಡುಗ ಮೊದಲ ಸಲ ತಕರಾರು ಮಾಡಿದ. ಎರಡನೆಯ ಸಲ ಅವನೇ ಅಂಗೈ ಚಾಚಿದ.

ಹಾಡಿನ ಹುಚ್ಚು ಹಳೆಯದು. ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುವವನು ನಾನೇ. ಹಾರ್ಮೋನಿಯಂ ಅಂದರೆ ನಮ್ಮ ಕಡೆಯ ಪೇಟಿ. ಇದರಿಂದ ನನಗೊಂದು ಚಾಳಿ ಹತ್ತಿತು. ಯಾರ ದನಿ ಕೇಳಿದರೂ ಅದು ಪೇಟಿಯ ಕರಿ-ಬಿಳಿ ಮನೆಗಳಲ್ಲಿ ಯಾವುದರಲ್ಲಿದೆ ಎಂದು ಬೆರಳು ಹುಡುಕಲು ಶುರುಮಾಡುತ್ತಿತ್ತು. ಶಿಗ್ಗಾವಿ ಬಸ್ಸಿನ ಕಂಡಕ್ಟರ್ ‘ರೈಟ್’ ಎನ್ನುವುದು ಬಿಳಿ ಐದರಲ್ಲಿ. ಅವ್ವ ಮಾಮೂಲಾಗಿ ಬಿಳಿ ಮೂರು, ಸಿಟ್ಟಿಗೆದ್ದರೆ ಕರಿ ನಾಲ್ಕು. ಒಮ್ಮೆ ಕೇಳಿದ ದನಿಯನ್ನು ನಾನು ಮರೆಯುವುದಿಲ್ಲ. ಇದರಿಂದ ಯಾರಿಗೂ ಯಾವ ಉಪಯೋಗವೂ ಆಗಿರಲಿಲ್ಲ.

ಇನ್ನು ವಿಡಿಯೋ. ಎಲ್ಲಿಯವಳೋ ಯಾರೋ, ಮುಖ ತೋರಿಸದ, ಹೆಸರು ಹೇಳದ ಹೆಣ್ಣುಮಗಳೊಬ್ಬಳು ತನ್ನ ಮನೆಯ ಎಮ್ಮೆಯ ವಿಡಿಯೋ ಹಿಡಿದು, ಅದಕ್ಕೆ ನಮ್ಮ ಕಡೆಯ ಮಾತು ಕೂಡಿಸಿ ಬಿಡುತ್ತಿದ್ದಳು. ಆ ಎಮ್ಮೆಯ ಒಂದು ಕೋಡು ಕಣ್ಣಿನ ಮೇಲೆ ಜೋತುಬಿದ್ದಿತ್ತು. ಪ್ರತಿ ವಿಡಿಯೋದಲ್ಲೂ ಅದರ ಯಜಮಾನ ಹಿಂಡಿಯ ರೇಟು, ಹಾಲಿನ ರೇಟು, ನೆರೆಮನೆಯ ಎಮ್ಮೆಯ ನಡತೆ ಎಲ್ಲವನ್ನೂ ಹೇಳಿ ಬಯ್ಯುತ್ತಾನೆ. ಆ ದನಿಯೂ ಆಕೆಯದೇ. ಎಮ್ಮೆ ಪೂರ್ತಿ ಕೇಳಿಸಿಕೊಂಡು, ಏರಿಳಿತವೇ ಇಲ್ಲದ ಕರಿ ಎರಡರ ದನಿಯಲ್ಲಿ ‘ಹೂಂನ್ರಿ’ ಎಂದು ನೆಲಕ್ಕೆ ಕುಳಿತುಬಿಡುತ್ತದೆ. ಅಷ್ಟೇ. ನಾನು ತೋಟದ ಬದುವಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನನ್ನ ಗೆಳೆಯರೆಲ್ಲ ಆಗಲೇ ಮದುವೆಯಾಗಿ ಮಕ್ಕಳ ಹೋಂವರ್ಕಿನಲ್ಲಿ ಮುಳುಗಿದ್ದರು. ಜೊತೆಗೆ ನಗಲು ಯಾರೂ ಇಲ್ಲದ ದಿನಗಳಲ್ಲಿ ಆ ದನಿ ನನಗೆ ಆಸರೆಯಾಗಿತ್ತು ಎಂದರೆ ಸುಳ್ಳಲ್ಲ.

ನನಗೆ ಕನ್ಯೆ ಸಿಗುತ್ತಿರಲಿಲ್ಲ. ತೋಟವಿದ್ದರೆ ಬೇಡ ಅನ್ನುವುದಿಲ್ಲ, ಆದರೆ ತೋಟದಲ್ಲಿ ಕೆಲಸ ಮಾಡುವವನು ಬೇಡ ಎಂದು ಹೆಣ್ಣಿನ ಕಡೆಯವರು ಮರ್ಯಾದೆಯಿಂದಲೇ ಹೇಳಿ ಕಳಿಸುತ್ತಿದ್ದರು. ಕಡೆಗೆ ಚಿಕ್ಕೇರೂರಿನ ಒಂದು ಮನೆಯವರು ಬರ್ರಿ ಎಂದರು. ಅಪ್ಪ, ಅವ್ವ, ನಾನು ಬೆಳಿಗ್ಗೆಯೇ ಬಾಡಿಗೆ ಕಾರು ಮಾಡಿಕೊಂಡು ಹಾನಗಲ್ ದಾಟಿ ಹೋದೆವು.

ಅವರ ಅಂಗಳದಲ್ಲಿ ಕಾಲು ತೊಳೆಯುವಾಗ ದನದ ಕೊಟ್ಟಿಗೆಯ ಕಡೆ ನೋಡಿದೆ. ಒಂದು ಎಮ್ಮೆ ನನ್ನನ್ನೇ ನೋಡುತ್ತಿತ್ತು. ಎಲ್ಲೋ ನೋಡಿದ ಮುಖ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನಗೇ ನಾಚಿಕೆಯಾಗಿ ಒಳಗೆ ಹೋಗಿ ಕುಳಿತೆ.

ಹುಡುಗಿಯ ಅಪ್ಪ ಅಲ್ಲೇ ಇದ್ದರೂ ಮಾತೆಲ್ಲ ಆಕೆಯ ದೊಡ್ಡಪ್ಪನದು. ಉಳ್ಳಾಗಡ್ಡಿ ಹಾಕಿದ ಅವಲಕ್ಕಿ ತಿನ್ನುವವರೆಗೆ ಅವರು ಮಳೆ, ಗೋವಿನಜೋಳ ಎಂದು ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು.

“ತಮ್ಮಾ, ಏನಾರ ಚಟಾ?”

“ಇಲ್ರಿ” ಎಂದೆ. ಬಿಯರನ್ನು ನಾನು ಚಟ ಎಂದು ಎಂದೂ ತಿಳಿದವನಲ್ಲ.

“ಛಲೋ ಆತು. ನಮ್ಮ ಮನ್ಯಾಗೂ ಅಂಥಾವೇನಿಲ್ರಿ. ಹೆಣ್ಣುಮಕ್ಕಳು ಫೋನ್ ಹಿಡಕೊಂಡು ಕುಂದ್ರೂದಿಲ್ಲ. ವಿಡಿಯೋ-ಗಿಡಿಯೋ ಮಾಡಾಕ ಹತ್ತಿದ್ರಂದ್ರ ಆ ಮನಿ ಮಾನ ಬೀದ್ಯಾಗ. ನಮ್ಮ ಬೀಗರೊಬ್ಬರ ಮಗಳದು ಹಿಂಗಾತು. ಫೋನ್ ಒಡದು ಒಲಿಗೆ ಹಾಕಿ, ಆಕಿನ್ನ ಅಂಗಳಾ ದಾಟಾಕೂ ಬಿಡವಲ್ರು. ನಾ ಅಂತೂ ಅದ ಬರೋಬ್ಬರಿ ಅಂದೆ” ಎಂದರು ದೊಡ್ಡಪ್ಪ.

ಹುಡುಗಿ ಚಹಾದ ತಟ್ಟೆ ಹಿಡಿದು ಬಂದಳು. ತಲೆ ತಗ್ಗಿಸಿಯೇ ಇದ್ದಳು. ನಮ್ಮ ಅವ್ವ ಕೇಳಿದಳು, “ರೊಟ್ಟಿ ಬಡಿಯಾಕ ಬರ್ತೈತೇನವಾ?”

“ಹೂಂನ್ರಿ” ಎಂದಳು ಆಕೆ.

ನನ್ನ ಬೆರಳು ತೊಡೆಯ ಮೇಲೆ ತಾನಾಗಿಯೇ ಒತ್ತಿತು. ಕರಿ ಎರಡು. ನಾನು ಬಾಗಿಲಿನಾಚೆ ಕೊಟ್ಟಿಗೆಯ ಕಡೆ ನೋಡಿದೆ. ಕಣ್ಣಿನ ಮೇಲೆ ಜೋತುಬಿದ್ದ ಕೋಡು. ತಿರುಗಿ ಆಕೆಯನ್ನು ನೋಡಿದೆ. ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಕ್ಕೆ. ಮುಗುಳ್ನಗೆ ಅಲ್ಲ, ಬದುವಿನ ಮೇಲೆ ಕುಳಿತಾಗ ನಗುವ ನಗೆ.

ಆಕೆ ತಲೆ ಎತ್ತಿದಳು. ನಾನು ಕೊಟ್ಟಿಗೆಯ ಕಡೆ ನೋಡಿದ್ದು, ತಿರುಗಿ ತನ್ನನ್ನು ನೋಡಿ ನಕ್ಕಿದ್ದು ಎಲ್ಲವೂ ಆಕೆಗೆ ಅರ್ಥವಾಗಿತ್ತು. ಅಷ್ಟು ಹೆದರಿದ ಕಣ್ಣುಗಳನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

“ಯಾಕ ನಕ್ರಿ?” ಎಂದರು ದೊಡ್ಡಪ್ಪ.

ಏನೋ ನೆನಪಾಯಿತು ಅಂದರೆ ಏನು ನೆನಪಾಯಿತು ಎಂದು ಕೇಳುತ್ತಾರೆ. ಎಮ್ಮೆ ನೋಡಿ ನಕ್ಕೆ ಅಂದರೆ ಎಮ್ಮೆಗೆ ಏನಾಗಿದೆ ಎಂದು ಕೇಳುತ್ತಾರೆ. ಯಾವ ದಾರಿ ಹಿಡಿದರೂ ಅದು ಆಕೆಯ ಫೋನಿನವರೆಗೆ ಹೋಗಿ ನಿಲ್ಲುತ್ತಿತ್ತು. ಅವರು ಮರುಪ್ರಶ್ನೆ ಇಲ್ಲದೆ ನಂಬುವ ಮಾತು ನನ್ನ ಹತ್ತಿರ ಒಂದೇ ಇತ್ತು.

“ಬಿಯರ್ ಕುಡದು ಬಂದೇನ್ರಿ.”

“ಮುಂಜಾನೆ ಹತ್ತಕ್ಕ?”

“ಸ್ವಲ್ಪರಿ” ಎಂದೆ. ಕುಡಿದವರೆಲ್ಲ ಹಾಗೆಯೇ ಅನ್ನುವುದರಿಂದ ಆ ‘ಸ್ವಲ್ಪ’ವೇ ಅವರನ್ನು ಪೂರ್ತಿ ನಂಬಿಸಿತು. ಯಾವ ಬಿಯರ್ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕೊತ್ತಂಬರಿ ಬೀಜದ ವಿಷಯ ಹೇಳುವವನಿದ್ದೆ.

“ಏಳ್ರಿ” ಎಂದರು ದೊಡ್ಡಪ್ಪ ನಮ್ಮ ಅಪ್ಪನಿಗೆ. ನಾವು ಎದ್ದೆವು. ಚಹಾ ತಟ್ಟೆಯಲ್ಲೇ ಉಳಿಯಿತು.

ಕಾರು ಚಿಕ್ಕೇರೂರು ದಾಟಿತು. ಅವ್ವ ಒಮ್ಮೆ ನನ್ನ ಕಡೆ ಬಗ್ಗಿ ಬಾಯಿ ಮೂಸಿ ನೋಡಿದಳು. ಬಂದದ್ದು ಅವಲಕ್ಕಿಯ ಉಳ್ಳಾಗಡ್ಡಿ ವಾಸನೆ. ಸೀದಾ ಕುಳಿತಳು. ಹಾನಗಲ್ಲಿನಲ್ಲಿ ಅಪ್ಪ ಬಾಯಿ ಬಿಟ್ಟ.

“ಗಾದಿ ಮಾತು ತಪ್ಪೈತಿ. ಹುಚ್ಚು ಬಿಡೂದೂ ಇಲ್ಲ, ಮದುವಿ ಆಗೂದೂ ಇಲ್ಲ.”

ಸುದ್ದಿ ನಮಗಿಂತ ಮೊದಲೇ ಸವಣೂರು ಮುಟ್ಟಿತ್ತು. ಕನ್ಯೆ ತೋರಿಸುತ್ತಿದ್ದವರು ಫೋನ್ ಎತ್ತುವುದನ್ನು ಬಿಟ್ಟರು. ಭಜನೆಯಲ್ಲಿ ನನ್ನ ಪಕ್ಕ ಕೂರುವ ಹಿರಿಯರು ಸ್ವಲ್ಪ ಸರಿದು ಕುಳಿತರು. ಅದಾವುದೂ ನನಗೆ ಅಷ್ಟು ನಾಟಲಿಲ್ಲ. ಎಮ್ಮೆಯ ವಿಡಿಯೋ ನಿಂತುಹೋಗಿತ್ತು, ಅದು ನಾಟಿತು. ನನ್ನ ನಗೆಯಿಂದಲೇ ಆಕೆ ಸಿಕ್ಕಿಬಿದ್ದಳೇನೋ, ಫೋನು ಒಲೆ ಸೇರಿತೇನೋ ಎಂದು ಜೀವ ಚಡಪಡಿಸುತ್ತಿತ್ತು. ಹುಬ್ಬಳ್ಳಿಗೂ ಹೋಗಲಿಲ್ಲ. ನನಗೆ ಆಕೆ ಬೇಕಾಗಿದ್ದಳು. ಕನ್ಯೆ ಅಲ್ಲ, ಆಕೆ. ಇದನ್ನು ಮನೆಯಲ್ಲಿ ಹೇಳಬೇಕೆಂದರೆ ಎಮ್ಮೆಯಿಂದಲೇ ಶುರುಮಾಡಬೇಕಿತ್ತು.

ಎಲೆ ಕೊಯ್ಲಿನ ಒಂದು ಬೆಳಿಗ್ಗೆ ಅವ್ವ ಪಡಸಾಲೆಯಲ್ಲಿ ಎಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಫೋನು ನೋಡಿದೆ. ಹೊಸ ವಿಡಿಯೋ ಬಂದಿತ್ತು.

ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುತ್ತ ನಿಂತಿದೆ. ಎದುರಿಗೆ ಎಲ್ಲಿಂದಲೋ ಹಿಡಿದು ತಂದ ಒಂದು ಕೋಣ. ನಡುವೆ ಒಂದು ಮುದಿ ಎತ್ತು. ಎತ್ತು ಕೇಳುತ್ತದೆ, “ಯಾಕ ನಕ್ಕೀಪಾ?” ಕೋಣ ಹೇಳುತ್ತದೆ, “ಕುಡದು ಬಂದೇನ್ರಿ.” “ಶಿವ ಶಿವಾ!” ಎನ್ನುತ್ತದೆ ಎತ್ತು. ಆಗ ಎಮ್ಮೆ ಕೋಣನನ್ನು ಒಮ್ಮೆ ನೋಡಿ, ಅದೇ ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತದೆ, “ಕುಡದಾವ್ರು ಖರೇ ಹೇಳ್ತಾರ. ಇಂವಾ ಸುಳ್ಳ ಹೇಳ್ಯಾನ. ಅಂದಮ್ಯಾಲೆ ಕುಡದಿಲ್ಲ.” ಮತ್ತಷ್ಟು ಮೆಲುಕು ಹಾಕಿ, “ಚಹಾ ಹಂಗ ಆರಾಕತ್ತೈತಿ” ಎನ್ನುತ್ತದೆ.

ನನಗೆ ನಗೆ ಬರಲಿಲ್ಲ.

ಎಲೆ ಜೋಡಿಸುತ್ತಿದ್ದ ಅವ್ವನ ಕೈ ನಿಂತಿತ್ತು. “ಇನ್ನೊಮ್ಮಿ ಹಚ್ಚು” ಎಂದಳು. ಹಚ್ಚಿದೆ. ಕಣ್ಣು ಕಿರಿದು ಮಾಡಿ ನೋಡಿದಳು.

“ಆ ಕೋಡು ನಾ ನೋಡೇನಿ. ಚಿಕ್ಕೇರೂರಿನ ಎಮ್ಮಿ ಅಲ್ಲೇನೋ ಇದು?”

ನಾನು ಫೋನು ಕೆಳಗಿಟ್ಟೆ.

“ಅವತ್ತ ಇದಕ್ಕ ನಕ್ಕಿಯೇನು?”

“ಹೂಂ.”

“ಆ ಹುಡುಗಿ ಮಾಡ್ತಾಳಿದನ್ನ?”

“ಹೂಂ. ಯಾರಿಗೂ ಅನಬ್ಯಾಡವ್ವಾ. ಅವರ ದೊಡ್ಡಪ್ಪ...”

“ನಂಗೇನ್ ಕಿವಿ ಇರಲಿಲ್ಲೇನು ಅಲ್ಲಿ?” ಎಂದಳು. ದನಿ ಕರಿ ನಾಲ್ಕಕ್ಕೆ ಏರಿ ಅಲ್ಲಿಂದ ಇಳಿಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ತಲೆಯ ಮೇಲೆ ಒಂದು ಹೊಡೆದು, ಕಟ್ಟಿದ ಎಲೆಯನ್ನು ಹಾಗೇ ಬಿಟ್ಟು ಅಂಗಳಕ್ಕೆ ಹೋದಳು. ಅಪ್ಪ ಅಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ.

“ಏನ್ರಿ, ಚಿಕ್ಕೇರೂರಿಗೆ ಇನ್ನೊಮ್ಮಿ ಹೋಗಿ ಬರೂಣು.”

“ಯಾವ ಮಾರಿ ಇಟಕೊಂಡು ಹೋಗೂದು?”

“ಅವರ ಮನ್ಯಾಗ ಒಂದು ಎಮ್ಮಿ ಐತಿ. ಮಾರ್ತಾರಂತ.”

ಅವ್ವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ತಿಕ್ಕುವುದನ್ನು ನಿಲ್ಲಿಸಿದ.

“ಎಷ್ಟು ಹಾಲು ಹಿಂಡತೈತಂತ?” ಎಂದ.

ನಾನು ಒಳಗೆ ಹೋಗಿ ಅವತ್ತು ಹಾಕಿಕೊಂಡಿದ್ದ ಅಂಗಿಯನ್ನೇ ತೆಗೆದು ಇಸ್ತ್ರಿಗೆ ಕೊಟ್ಟು ಬಂದೆ.