ಇನ್ನೂ ತಿಳಿದಿಲ್ಲ

ಗುಡಗೇರಿಯಲ್ಲಿ ನಮ್ಮ ಬಾಜು ಮನೆಯಾಕೆ ಕಂಪ್ಯೂಟರಿನಲ್ಲಿ ಜೀನುಗಳ ಬಗ್ಗೆ ಬರೆಯುತ್ತಿದ್ದಳು. ದೇಹದಲ್ಲಿ ಯಾವ ಜೀನು ಏನು ಕೆಲಸ ಮಾಡುತ್ತದೆ ಎಂದು ವಿಜ್ಞಾನಿಗಳು ಪುಟಗಟ್ಟಲೆ ಬರೆದದ್ದನ್ನು ಓದಿ, ಎಲ್ಲ ದೇಶದವರೂ ನೋಡುವ ಜಾಲತಾಣಕ್ಕಾಗಿ ನಾಲ್ಕು ಸಾಲಿಗೆ ಇಳಿಸುವುದು ಆಕೆಯ ಕೆಲಸ. ಸಾಲು ಹೊಳೆಯದಿದ್ದರೆ ನಮ್ಮ ಕಟ್ಟೆಗೆ ಬಂದು, ನನ್ನ ಮೊರದ ಜೋಳದಲ್ಲಿನ ಹರಳು ಆರಿಸುತ್ತ ಕೂರುತ್ತಿದ್ದಳು. "ಗೊತ್ತಿದ್ದಷ್ಟ ಬರೀಬೇಕ್ರಿ ಅಕ್ಕಾರ, ಒಂದ ಶಬ್ದ ಹೆಚ್ಚಿಗಿ ಬರೀಬಾರದು" ಎನ್ನುತ್ತಿದ್ದಳು.

ನನ್ನ ಮಗಳ ಕಾಲು ಸೋಲುತ್ತ ಬಂದಾಗ ಹುಬ್ಬಳ್ಳಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕೆಟ್ಟಿರುವ ಜೀನಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನು ತಂದು ಬಾಜು ಮನೆಯಾಕೆಗೆ ತೋರಿಸಿದೆ; ಆಕೆ ಆ ಹೆಸರನ್ನು ಎರಡು ಸಲ ಓದಿದಳು.

"ಏನ್ ಮಾಡ್ತೈತಿ ತಂಗಿ ಇದು?"

"ಇದರ ಕೆಲಸ ಇನ್ನೂ ತಿಳಿದಿಲ್ಲ ಅಂತ ಬರದೈತ್ರಿ."

"ಯಾರು ಬರದಾರ?"

"ನಾನ ಬರದೀನ್ರಿ."

ಒಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ನನಗೆ ಸಿಟ್ಟು ಬಂತು.

ಅಂದಿನಿಂದ ದಿನಾ ಮುಂಜಾನೆ ಆಕೆ ಹೊಸ ಸಂಶೋಧನೆ ಏನಾದರೂ ಬಂದಿದೆಯೇ ಎಂದು ಹುಡುಕಿ, ಹಿತ್ತಲ ಗೋಡೆಯ ಆಚೆಯಿಂದ ನನ್ನತ್ತ ನೋಡಿ, ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಮಗಳನ್ನು ಮಣ್ಣು ಮಾಡಿ ಬಂದ ಮರುದಿನವೂ ನಾನು ಆ ಗೋಡೆಯ ಹತ್ತಿರ ಹೋಗಿ ನಿಂತಿದ್ದೆ. ಆಕೆಯೂ ಬಂದಳು. ತಲೆ ಅಲ್ಲಾಡಿಸಿದಳು.