ರಿವರ್ಸ್ ಅಮ್ಮ

ನನ್ನ ಹೆಂಡತಿ ಜಯ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಿದ್ದಳು. ಬಡಿಸುವ ಮಣಿಯವರು ಮಜ್ಜಿಗೆ ಜಗ್ಗು ಹಿಡಿದು, ಇನ್ನೇನು ಸುರಿದೇಬಿಡುತ್ತೇನೆ ಎಂಬಂತೆ ಬಗ್ಗಿದ್ದರು.

"ಏನ್ರೀ ಮಣಿ, ಹುಳಿ ಎಲ್ರೀ? ಇನ್ನೂ ಹುಳೀನೇ ಬಡಿಸಿಲ್ಲ!"

"ರಸಂ ಆಚ್ಚುಲ್ಲಮ್ಮಾ? ಅಡುತ್ತದು ಮೋರ್ ದಾನ್!"

ರಸಂ ಆಯಿತಲ್ಲ, ಇನ್ನು ಮಜ್ಜಿಗೆಯೇ ಎಂದು ಅವರ ವಾದ. ಬೇಕೆಂದೇ ಕಾಡುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಉಣ್ಣುತ್ತಿದ್ದ ಸಿನಿಮಾ ಸ್ಟುಡಿಯೋದ ಲೈಟ್‌ಮನ್‌ಗಳು ಗೊಳ್ಳೆಂದರು.

ಚೆನ್ನೈನ ವಡಪಳನಿಯಲ್ಲಿ, ಬೋರ್ಡಿಲ್ಲದ ಒಂದು ಮೆಸ್ಸಿನಲ್ಲಿ, ನಾವಿಬ್ಬರೂ ಜೊತೆಯಲ್ಲಿ ಕೂತು ಮಾಡಿದ ಕೊನೆಯ ಊಟ ಅದು. ಮರುದಿನ ಬೆಳಿಗ್ಗೆ, ಪೆರುಂಗುಡಿಯಲ್ಲಿ ಮಗಳ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಜಯ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ಅಂಕಣ ಕೆಲವು ವಾರ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಉತ್ತರ ಇದೇ. (ಒಬ್ಬೊಬ್ಬರಿಗೂ ಬರೆಯಲು ಆಗಲಿಲ್ಲ. ಕ್ಷಮಿಸಿ.)

ನಾವು ಮೈಸೂರಿನವರು. ನಮ್ಮ ಮನೆಯಲ್ಲಿ ಅನ್ನಕ್ಕೆ ಮೊದಲು ಸಾರು, ಆಮೇಲೆ ಹುಳಿ, ಕೊನೆಗೆ ಮಜ್ಜಿಗೆ. ಚೆನ್ನೈನಲ್ಲಿ ಮೊದಲು ಸಾಂಬಾರು, ಆಮೇಲೆ ರಸಂ. ರಸಂ ಕೇಳಿದಿರೋ, ಊಟ ಮುಗಿಯುತ್ತ ಬಂತು ಎಂದೇ ಲೆಕ್ಕ. ಮೊದಲ ದಿನ ಜಯ ಕೂತೊಡನೆ ಸಾರು ಕೇಳಿದಳು. ಈಕೆಗೆ ಸಾಂಬಾರು ಸೇರುವುದಿಲ್ಲವೇನೋ ಎಂದುಕೊಂಡ ಮಣಿ ಪಾಪ, ನೇರವಾಗಿ ಮಜ್ಜಿಗೆ ತಂದರು. ಅಲ್ಲಿಂದ ಶುರುವಾಯಿತು. ಆಮೇಲೆ ನಾವು ಹೊಸಿಲು ದಾಟಿದರೆ ಸಾಕು, ಅಡುಗೆಮನೆಯತ್ತ ತಿರುಗಿ ಕೂಗುತ್ತಿದ್ದರು: "ರಿವರ್ಸ್ ಅಮ್ಮಾ ವಂದಾಚ್ಚು!"

ಅಂಥ ಜಾಗಗಳನ್ನು ಹುಡುಕುವುದರಲ್ಲಿ ಜಯಳದು ಅವಳದೇ ದಾರಿ. ಪರ ಊರಿನಲ್ಲಿ ಅವಳು ಫೋನಿನ ಸ್ಟಾರ್ ನೋಡಿದವಳಲ್ಲ. "ಬೋರ್ಡ್ ನೋಡಿ ಏನ್ ಮಾಡ್ತೀರಿ? ಕೈ ತೊಳೆಯೋ ಜಾಗ ನೋಡಿ" ಎನ್ನುತ್ತಿದ್ದಳು. ಗುಡಿಯ ಬಳಿ ಹೂ ಕಟ್ಟುವ ಹೆಂಗಸರ ಪಕ್ಕ ಕುಕ್ಕರಗಾಲಲ್ಲಿ ಕೂತು ವಿಚಾರಿಸುವಳು. ಒಳ್ಳೆಯ ಹೋಟೆಲ್ ಎಲ್ಲಿದೆ ಎಂದಲ್ಲ. ನೀವು ಎಲ್ಲಿ ಉಣ್ಣುತ್ತೀರಿ ಎಂದು. (ತಮಿಳು ಬರುತ್ತಿರಲಿಲ್ಲ. ಕೈಯನ್ನು ಬಾಯಿಗೆ ಒಯ್ದು ತೋರಿಸುವುದು, ಅಷ್ಟೇ ಭಾಷೆ.) ಮುರುಗನ ಗುಡಿಯ ಹಿಂದಿನ ಈ ಮೆಸ್ ಸಿಕ್ಕಿದ್ದು ಹಾಗೆ.

ಕಳೆದ ವಾರ ಮತ್ತೆ ಮಗಳ ಮನೆಗೆ ಹೋಗಿದ್ದೆ. ಒಂದು ವಿಷಯ ತಲೆ ಕೊರೆಯುತ್ತಿತ್ತು. ಒಬ್ಬರು ಹೋದರೆ ಯಾರಿಗೆಲ್ಲ ತಿಳಿಸುತ್ತೇವೆ? ನೆಂಟರಿಗೆ ಫೋನು. ವಾಟ್ಸಾಪಿನಲ್ಲಿ ಹಾರ ಹಾಕಿದ ಫೋಟೋ. ಬ್ಯಾಂಕಿಗೆ, ಗ್ಯಾಸಿನವರಿಗೆ. ಸರಿ. ಆದರೆ ಹೆಸರೂ ಗೊತ್ತಿಲ್ಲದೆ, ಅವಳು ಉಣ್ಣುವ ರೀತಿಯಿಂದಲೇ ಅವಳನ್ನು ಬಲ್ಲವರಿಗೆ? ಅವರಿಗೆ ಯಾರು ಹೇಳಬೇಕು?

ನಾನೇ ಹೇಳಬೇಕು.

"ವಡಪಳನಿಗೇ ಯಾಕಪ್ಪಾ?" ಎಂದಳು ಮಗಳು ಸುಮನಾ. "ಟ್ರಾಫಿಕ್ ಬೇರೆ. ಇಲ್ಲೇ ಎಲ್ಲಾದ್ರೂ ಸಾಪ್ಟುಬಿಡೋಣ. ನೋಡಿ, ಇದಕ್ಕೆ ಒಳ್ಳೆ ರೇಟಿಂಗ್ ಇದೆ." (ಚೆನ್ನೈ ಸೇರಿದ ಮೇಲೆ ಅವಳ ಬಾಯಲ್ಲಿ ಊಟವೂ ತಮಿಳಾಗಿದೆ.)

"ಅಲ್ಲಿ ಒಬ್ಬರಿಗೆ ವಿಷಯ ಹೇಳೋದಿದೆ, ಪುಟ್ಟಾ."

ಅವಳು ಕಾರು ತೆಗೆದಳು. ಅವಳ ಅಮ್ಮ ಆ ಮೆಸ್ಸಿಗೆ ಅವಳನ್ನು ಎಷ್ಟೋ ಸಲ ಕರೆದಿದ್ದಳು. ಆಫೀಸು ಬಿಟ್ಟಿರಲಿಲ್ಲ.

ಒಂದು ಸಿಗ್ನಲ್ಲಿನಲ್ಲಿ ಕೇಳಿದೆ. "ಅಮ್ಮ ತೀರಿಕೊಂಡರು ಅನ್ನೋಕೆ ತಮಿಳಲ್ಲಿ ಹೇಗೆ ಹೇಳ್ತಾರೆ?"

ಹಸಿರು ದೀಪ ಬಂತು. ಹಿಂದಿನವನು ಹಾರ್ನ್ ಒತ್ತಿದ. ಕಾರು ಕದಲಲಿಲ್ಲ.

"ತವರಿಟ್ಟಾಂಗ," ಎಂದಳು, ನನ್ನ ಕಡೆ ನೋಡದೆ. "ಹಾಗಂದ್ರೆ ಮರ್ಯಾದೆ."

ತವರಿಟ್ಟಾಂಗ. ತವರಿಟ್ಟಾಂಗ. ದಾರಿಯುದ್ದಕ್ಕೂ ಬಾಯೊಳಗೇ ಹೇಳಿಕೊಂಡೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಮೊದಲು ಹೇಳಿಕೊಳ್ಳುತ್ತಿದ್ದ ಹಾಗೆ.

ವಡಪಳನಿಯಲ್ಲಿ ರಸ್ತೆಯ ಗುರುತೇ ಸಿಗಲಿಲ್ಲ. ಎಲ್ಲಿ ನೋಡಿದರೂ ಹೊಸದಾಗಿ ಎದ್ದ ಮೆಟ್ರೋ ಕೆಲಸದ ತಗಡಿನ ಗೋಡೆ. ಅನ್ನ ತೀರಿದರೆ ಮೆಸ್ ಮುಚ್ಚುತ್ತದೆ, ಆಗಲೇ ಹೊತ್ತಾಗಿತ್ತು. ಬೋರ್ಡೇ ಇಲ್ಲದ್ದನ್ನು ಫೋನು ತೋರಿಸೀತೇ? ಒಂದು ಗಲ್ಲಿ ಹೊಕ್ಕೆವು, ಅದಲ್ಲ. ಇನ್ನೊಂದು, ಅದೂ ಅಲ್ಲ. ಮುಚ್ಚಿಹೋಗಿದ್ದರೆ ಎಂಬ ಹೆದರಿಕೆ. ತೆರೆದಿದ್ದರೆ ಎಂಬ ಹೆದರಿಕೆ ಅದಕ್ಕಿಂತ ಹೆಚ್ಚು.

ಕೊನೆಗೆ ಹೂವಿನ ಹೆಂಗಸೊಬ್ಬಳ ಮುಂದೆ ನಿಂತು ಕೈಯನ್ನು ಬಾಯಿಗೆ ಒಯ್ದು ತೋರಿಸಿದೆ. ಸುಮನಾ ನನ್ನನ್ನೇ ನೋಡಿದಳು. ಆಕೆ ಹೂ ಕಟ್ಟುತ್ತಲೇ ಗಲ್ಲದಿಂದ ಎಡಕ್ಕೆ ತೋರಿಸಿದಳು.

ಬಾಗಿಲಲ್ಲಿ, ಕೈ ತೊಳೆಯುವ ಜಾಗದಲ್ಲಿ, ಅದೇ ನೀಲಿ ಡ್ರಮ್ಮು. ಅದೇ ತೊಳೆದಿಟ್ಟ ಚೊಂಬು.

ಮಣಿಯವರಿಗೆ ನನ್ನ ಗುರುತು ಹತ್ತಲಿಲ್ಲ. (ಮಾತಾಡುವ ಹೆಂಡತಿಯ ಪಕ್ಕ ಕೂತ ಗಂಡನನ್ನು ಯಾರು ನೆನಪಿಡುತ್ತಾರೆ?) ಎಲೆ ಹಾಕಿದರು, ಪಲ್ಯ ಬಡಿಸಿದರು, ಅನ್ನ ಬಂತು. ಸಾಂಬಾರಿನ ಬಕೆಟ್ ಎಲೆಯ ಹತ್ತಿರಕ್ಕೆ ಬಂದಾಗ ನನ್ನ ಅಂಗೈ ತಾನಾಗಿ ಅಡ್ಡ ಹೋಯಿತು.

"ಮೊದಲು ರಸಂ."

ಸೌಟು ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಸುಮನಾಳ ಮುಖ ನೋಡಿದರು.

"ಅಯ್ಯೋ, ರಿವರ್ಸ್ ಅಮ್ಮಾ ವೀಟುಕಾರರಾ! ಇದು ಪೊಣ್ಣಾ? ಅಪ್ಪಡಿಯೇ ಅಮ್ಮಾ ಮುಗಂ!" ಅಡುಗೆಮನೆಯತ್ತ ತಿರುಗಿ ಆಗಲೇ ಕೂಗಿಯೂ ಆಗಿತ್ತು: ರಿವರ್ಸ್ ಅಮ್ಮನ ಮನೆಯವರು ಬಂದಿದ್ದಾರೆ, ಮಗಳೂ ಬಂದಿದ್ದಾಳೆ, ಅಮ್ಮನದೇ ಮುಖ. ಆಮೇಲೆ ನನ್ನ ಕಡೆ ಬಗ್ಗಿ ಕೇಳಿದರು. "ಅಮ್ಮಾ ಎಂಗೆ ಸಾರ್? ವರಲೆಯಾ?" ಅಮ್ಮ ಎಲ್ಲಿ, ಬರಲಿಲ್ಲವೇ ಎಂದು.

ಪದ ನಾಲಿಗೆಯ ಮೇಲೆಯೇ ಇತ್ತು. ಇಡೀ ದಾರಿ ಉರು ಹೊಡೆದದ್ದು. ಬೆಂಚಿನವರೆಲ್ಲ ನಗುಮುಖದಿಂದ ಕಾಯುತ್ತಿದ್ದರು.

"ವೀಟ್ಲ ಇರುಕ್ಕಾಂಗ," ಎಂದೆ.

ಮನೆಯಲ್ಲಿದ್ದಾಳೆ.

ಸುಮನಾಳ ಕೈ ಎಲೆಯ ಮೇಲೆಯೇ ನಿಂತಿತು. ಈಗ ಇವಳು ತಿದ್ದುತ್ತಾಳೆ, ಎದ್ದು ಹೋಗುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡೆ.

"ಕಾಲ್ ವಲಿ ಅಣ್ಣಾ," ಎಂದಳು ಮೆಲ್ಲಗೆ. ಕಾಲು ನೋವು. "ಅದಾನ್ ವರಲೆ."

ಮಣಿಯವರು ಲೊಚಗುಟ್ಟಿದರು. ಸಾರು ಬಡಿಸಿದರು. ಆಮೇಲೆ ಹುಳಿ. ಆಮೇಲೆ ಮಜ್ಜಿಗೆ, ನಮ್ಮ ಕ್ರಮದಲ್ಲೇ. ನಾವಿಬ್ಬರೂ ತಲೆ ಎತ್ತದೆ ಉಂಡೆವು. ಹೊರಡುವಾಗ ಅವರು ದಾರ ಬಿಗಿದ ಒಂದು ಬಿಸಿ ಪೊಟ್ಟಣವನ್ನು ಸುಮನಾಳ ಕೈಯಲ್ಲಿಟ್ಟರು. ರಸಂ. ಮೆಣಸು ಜಾಸ್ತಿ ಹಾಕಿಸಿದ್ದಾರಂತೆ, ಕಾಲು ನೋವಿಗೆ ಒಳ್ಳೆಯದಂತೆ.

"ಅಮ್ಮಾವುಕ್ಕು. ಮುದಲ್ಲ ಇದು ದಾನ್, ಸರಿಯಾ?" ಎಂದು ಕಣ್ಣು ಮಿಟುಕಿಸಿದರು. ಅಮ್ಮನಿಗೆ, ಮೊದಲು ಇದನ್ನೇ ಬಡಿಸಬೇಕು.

ವಾಪಸು ಬರುವಾಗ ಪೊಟ್ಟಣ ನನ್ನ ತೊಡೆಯ ಮೇಲಿತ್ತು. ಕಾರಿನ ತುಂಬ ಮೆಣಸು, ಕೊತ್ತಂಬರಿಯ ವಾಸನೆ. ಕಿಟಕಿ ಇಳಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಸಂಜೆ ಸುಮನಾ ಅದನ್ನು ಪಾತ್ರೆಗೆ ಸುರಿದು, ಅದೇ ಒಲೆಯ ಮೇಲೆ ಬಿಸಿಗಿಟ್ಟಳು. ಉಕ್ಕುವವರೆಗೂ ಪಕ್ಕದಿಂದ ಕದಲಲಿಲ್ಲ.

"ಹೇಳಿಬಿಡಬೇಕಿತ್ತು ಅಲ್ವಾಪ್ಪಾ?"

"ಇನ್ನೊಂದ್ಸಲ ಹೋದಾಗ ಹೇಳೋಣ."

"ಬೇಡ ಬಿಡಿ," ಎಂದಳು. ತಟ್ಟೆ ಇಟ್ಟು, ಮೊದಲು ಸಾರು ಬಡಿಸಿದಳು.

ವಡಪಳನಿಯ ಆ ಮೆಸ್ಸಿನಲ್ಲಿ ಜಯ ಇನ್ನೂ ಇದ್ದಾಳೆ. ಕಾಲು ನೋವು, ಅಷ್ಟೇ. ಮನೆಯಲ್ಲಿ ಇಲ್ಲ.